ಫ್ಲಟರ್‌ನಲ್ಲಿ ಮರುಬಳಕೆಯ ವಿಜೆಟ್: ಕನ್‌ಸ್ಟ್ರಕ್ಟರ್‌ಗೆ ಯಾವುದು, ಸ್ಟೈಲ್‌ಗೆ ಯಾವುದು?

ಫ್ಲಟರ್ ಎಂಬುದು ಆ್ಯಪ್ ಕಟ್ಟುವ ಗೂಗಲ್‌ನ ಸಾಧನ. ಅದರಲ್ಲಿ ಬರೆದ ಆ್ಯಪ್ ದೊಡ್ಡದಾಗುತ್ತಾ ಹೋದಂತೆ ಒಂದೇ ತರಹದ ಬಟನ್ ಹತ್ತಾರು ಪುಟಗಳಲ್ಲಿ ಬೇಕಾಗುತ್ತದೆ. ಮೊದಮೊದಲು ಕಾಪಿ ಮಾಡಿ ಪೇಸ್ಟ್ ಮಾಡುವುದರಲ್ಲೇ ಕೆಲಸ ನಡೆಯುತ್ತದೆ. ಸಾಕೆನಿಸಿದಾಗ ಅದನ್ನು ಎತ್ತಿ ಪ್ರತ್ಯೇಕ ವಿಜೆಟ್ (ಪರದೆಯ ಒಂದು ಬಿಡಿಭಾಗ) ಮಾಡುತ್ತೇವೆ. ತಲೆನೋವು ಶುರುವಾಗುವುದು ಆಮೇಲೆ. ಈ ಪುಟಕ್ಕೆ ಕೆಂಪು ಬೇಕು, ಆ ಪುಟಕ್ಕೆ ಚಿಕ್ಕದು ಬೇಕು, ಇನ್ನೊಂದು ಕಡೆ ಅಂಚು ಮಾತ್ರ ಬೇಕು. ಪ್ರತಿ ಬೇಡಿಕೆಗೂ ಕನ್‌ಸ್ಟ್ರಕ್ಟರ್‌ಗೆ, ಅಂದರೆ ವಿಜೆಟ್ ಸೃಷ್ಟಿಸುವ ಕೋಡ್‌ಗೆ, ಒಂದು ಹೊಸ ಪ್ಯಾರಾಮೀಟರ್ (ಹೊರಗಿಂದ ಕೊಡುವ ಬೆಲೆ) ಸೇರುತ್ತದೆ. ಕೆಲವು ತಿಂಗಳು ಕಳೆದರೆ ಆ ವಿಜೆಟ್ ಬಳಸುವುದಕ್ಕಿಂತ ಹೊಸದೊಂದು ಬರೆಯುವುದೇ ಸುಲಭ ಅನ್ನಿಸತೊಡಗುತ್ತದೆ.

ಇದು ಹೊಸಬರಿಗೆ ಮಾತ್ರ ಬರುವ ತೊಂದರೆ ಅಂದುಕೊಳ್ಳಬೇಡಿ. ಫ್ಲಟರ್‌ನ ಹಳೆಯ ಬಟನ್‌ಗಳ ಗತಿಯೂ ಇದೇ ಆಗಿತ್ತು. ರೈಸ್ಡ್‌ಬಟನ್‌ನ ಕನ್‌ಸ್ಟ್ರಕ್ಟರ್ ತೆರೆದರೆ ಕಲರ್, ಟೆಕ್ಸ್ಟ್‌ಕಲರ್, ಡಿಸೇಬಲ್ಡ್‌ಕಲರ್, ಡಿಸೇಬಲ್ಡ್‌ಟೆಕ್ಸ್ಟ್‌ಕಲರ್, ಫೋಕಸ್‌ಕಲರ್, ಹೋವರ್‌ಕಲರ್, ಹೈಲೈಟ್‌ಕಲರ್, ಸ್ಪ್ಲಾಶ್‌ಕಲರ್ ಎಂದು ಬಣ್ಣಗಳದ್ದೇ ಒಂದು ಮೆರವಣಿಗೆ. ಅದರ ಹಿಂದೆ ಎಲಿವೇಶನ್‌ಗೆ (ನೆರಳು ತೋರಿಸುವ ಎತ್ತರ) ಮತ್ತೆ ಐದು. 2020ರ ಅಕ್ಟೋಬರ್‌ನಲ್ಲಿ ಬಂದ 1.22ನೇ ಆವೃತ್ತಿಯಲ್ಲಿ ಟೆಕ್ಸ್ಟ್‌ಬಟನ್, ಎಲಿವೇಟೆಡ್‌ಬಟನ್, ಔಟ್‌ಲೈನ್ಡ್‌ಬಟನ್ ಎಂಬ ಹೊಸ ಮೂರನ್ನು ಕೊಟ್ಟರು. ನೋಟಕ್ಕೆ ಸಂಬಂಧಿಸಿದ್ದೆಲ್ಲ ಬಟನ್‌ಸ್ಟೈಲ್ ಎಂಬ ಒಂದೇ ಆಬ್ಜೆಕ್ಟಿನೊಳಗೆ ಹೋಯಿತು, ಕನ್‌ಸ್ಟ್ರಕ್ಟರ್‌ನಲ್ಲಿ ಅದಕ್ಕೆ ಉಳಿದದ್ದು ‘ಸ್ಟೈಲ್’ ಎಂಬ ಒಂದೇ ಪ್ಯಾರಾಮೀಟರ್. ರೈಸ್ಡ್‌ಬಟನ್, ಫ್ಲಾಟ್‌ಬಟನ್, ಔಟ್‌ಲೈನ್‌ಬಟನ್ ಎಂಬ ಹಳೆಯ ಮೂರನ್ನೂ ಆಮೇಲೆ ತೆಗೆದೇ ಹಾಕಿದರು.

ನಮ್ಮ ಸ್ವಂತ ವಿಜೆಟ್‌ಗಳಿಗೂ ಇದೇ ದಾರಿ ಸರಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಆ್ಯಪ್‌ಬಟನ್ ಎಂಬ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬೆಳೆಸುತ್ತಾ ಹೋಗೋಣ. ಡಾರ್ಟ್ ಭಾಷೆಯ ಕ್ಲಾಸು, ಸ್ಟೇಟ್‌ಲೆಸ್ ವಿಜೆಟ್ ಇಷ್ಟು ಗೊತ್ತಿದ್ದರೆ ಸಾಕು. ಕೋಡ್‌ನ ಹೆಸರುಗಳನ್ನು ನಾವು ಉಚ್ಚರಿಸುವ ಹಾಗೆ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಮಾಮೂಲಿನಂತೆ ಇಂಗ್ಲಿಷಿನಲ್ಲೇ ಟೈಪಿಸಬೇಕು.

## ಹಂತ 1: ಕೋಡ್ ಮುಟ್ಟುವ ಮೊದಲು ಪಾಲು ಹಂಚಿ

ಈಗಿರುವ ಪುಟಗಳನ್ನು ತೆರೆದು, ಬಟನ್‌ನಿಂದ ಬಟನ್‌ಗೆ ಏನೇನು ಬದಲಾಗುತ್ತಿದೆ ಎಂದು ಪಟ್ಟಿ ಮಾಡಿ. ಪಟ್ಟಿಯ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ನಾಳೆ ಡಿಸೈನರ್ ಬಂದು ಇಡೀ ಆ್ಯಪ್‌ನ ರೂಪ ಬದಲಿಸಿದರೆ ಇದು ಬದಲಾಗುತ್ತದೆಯೇ?

ಬದಲಾಗುತ್ತದೆ ಎಂದಾದರೆ ಅದು ಸ್ಟೈಲ್‌ಗೆ ಸೇರಿದ್ದು. ಬಣ್ಣ, ಮೂಲೆಯ ದುಂಡು, ಒಳಗಿನ ಜಾಗ, ಅಕ್ಷರದ ದಪ್ಪ, ನೆರಳು ಎಲ್ಲ ಇಲ್ಲಿಗೆ ಬರುತ್ತವೆ. ಬದಲಾಗುವುದಿಲ್ಲ ಎಂದಾದರೆ ಕನ್‌ಸ್ಟ್ರಕ್ಟರ್‌ಗೆ ಸೇರಿದ್ದು. ಬಟನ್ ಮೇಲಿನ ಬರಹ, ಒತ್ತಿದಾಗ ಆಗಬೇಕಾದ ಕೆಲಸ, ಐಕಾನ್, ‘ಲೋಡ್ ಆಗುತ್ತಿದೆ’ ಎಂಬ ಸ್ಥಿತಿ ಇಂಥವು. ‘ಇದು ಅಳಿಸುವ ಬಟನ್, ಹುಷಾರು’ ಎಂಬ ಅರ್ಥವೂ ಕನ್‌ಸ್ಟ್ರಕ್ಟರ್‌ನದ್ದೇ. ಅಳಿಸುವ ಬಟನ್ ಕೆಂಪಾಗಿರಬೇಕು ಎನ್ನುವುದು ಮಾತ್ರ ಸ್ಟೈಲ್. ಕೆಂಪು ನಾಳೆ ಕಿತ್ತಳೆಯಾಗಬಹುದು, ಅಳಿಸುವುದು ಅಳಿಸುವುದೇ.

ಎಲ್ಲಿಗೂ ಸೇರದ ಒಂದೆರಡು ಸಾಲು ಉಳಿಯುತ್ತವೆ. ಅಳತೆ ಅಂಥದ್ದು. ಚಿಕ್ಕದು, ದೊಡ್ಡದು ಎಂಬುದನ್ನು ನಾನು ಕನ್‌ಸ್ಟ್ರಕ್ಟರ್‌ನಲ್ಲಿ ಈನಮ್ (ಆರಿಸಿಕೊಳ್ಳಬಹುದಾದ ಹೆಸರುಗಳ ನಿಗದಿತ ಪಟ್ಟಿ) ಆಗಿ ಇಡುತ್ತೇನೆ. ಚಿಕ್ಕದೆಂದರೆ ಎಷ್ಟು ಪಿಕ್ಸೆಲ್ ಎಂಬುದು ಸ್ಟೈಲ್‌ನ ಲೆಕ್ಕ.

## ಹಂತ 2: ಕನ್‌ಸ್ಟ್ರಕ್ಟರ್ ಚಿಕ್ಕದಾಗಿ ಶುರುವಾಗಲಿ

```
ಕಾನ್ಸ್ಟ್ ಆ್ಯಪ್‌ಬಟನ್({
  ಸೂಪರ್.ಕೀ,
  ರಿಕ್ವೈರ್ಡ್ ದಿಸ್.ಲೇಬಲ್,
  ರಿಕ್ವೈರ್ಡ್ ದಿಸ್.ಆನ್‌ಪ್ರೆಸ್ಡ್,
  ದಿಸ್.ಐಕಾನ್,
  ದಿಸ್.ಸ್ಟೈಲ್,
});
```

ಪ್ರತಿ ಸಾಲಿಗೂ ಒಂದು ಕಾರಣವಿದೆ.

‘ಸೂಪರ್.ಕೀ’ ಎಂಬ ಚಿಕ್ಕ ರೂಪ ಡಾರ್ಟ್ 2.17ರಿಂದ ಇದೆ. ಕೀ (ವಿಜೆಟ್‌ನ ಗುರುತು) ಬಿಟ್ಟರೆ ವಿಜೆಟ್ ಓಡುತ್ತದೇನೋ ನಿಜ, ಆದರೆ ಪಟ್ಟಿಯೊಳಗೆ ಸಾಲುಗಳ ಕ್ರಮ ಬದಲಾಗುವ ಕಡೆ ಬಳಸುವವರಿಗೆ ತೊಂದರೆಯಾಗುತ್ತದೆ.

‘ಆನ್‌ಪ್ರೆಸ್ಡ್’ ಕಡ್ಡಾಯ, ಆದರೂ ಅದರ ಟೈಪ್‌ಗೆ ನಲ್ (‘ಬೆಲೆ ಇಲ್ಲ’ ಎಂಬ ಗುರುತು) ಒಪ್ಪಿಗೆ ಇರಬೇಕು. ಫ್ಲಟರ್‌ನ ಬಟನ್‌ಗಳೂ ಹೀಗೇ ಇವೆ. ನಲ್ ಕೊಟ್ಟರೆ ಬಟನ್ ನಿಷ್ಕ್ರಿಯವಾಗುತ್ತದೆ. ಕಡ್ಡಾಯ ಮಾಡಿರುವುದರಿಂದ ಯಾರೂ ಮರೆತು ನಿಷ್ಕ್ರಿಯ ಮಾಡಲಾರರು, ಬೇಕೆಂದರೆ ನಲ್ ಎಂದು ಕೈಯಾರೆ ಬರೆಯಬೇಕು. ಇದಿದ್ದ ಮೇಲೆ ‘ಎನೇಬಲ್ಡ್’ ಎಂಬ ಇನ್ನೊಂದು ಬೂಲಿಯನ್ ಬೇಡ. ಎರಡೂ ಇದ್ದರೆ ಒಂದು ಹೌದು ಎನ್ನುವಾಗ ಇನ್ನೊಂದು ಅಲ್ಲ ಎನ್ನುವ ದಿನ ಬಂದೇ ಬರುತ್ತದೆ.

ಲೇಬಲ್ ಸ್ಟ್ರಿಂಗ್ ಆಗಿರಲೋ, ವಿಜೆಟ್ ಆಗಿರಲೋ? ಎಲ್ಲರಿಗೂ ಹಂಚುವ ಪ್ಯಾಕೇಜ್ ಆದರೆ ವಿಜೆಟ್ ಇರಲಿ. ಒಂದೇ ಆ್ಯಪ್‌ನ ಒಳಗಿನ ಬಳಕೆಗಾದರೆ ಸ್ಟ್ರಿಂಗ್ ಸಾಕು. ಸ್ಟ್ರಿಂಗ್ ಇದ್ದಾಗ ಉದ್ದದ ಬರಹವನ್ನು ಎಲ್ಲಿ ಮುರಿಯಬೇಕು, ಸ್ಕ್ರೀನ್ ರೀಡರ್ ಏನು ಓದಬೇಕು ಎಂಬುದೆಲ್ಲ ನಮ್ಮ ಕೈಯಲ್ಲೇ ಉಳಿಯುತ್ತದೆ.

ಕಾನ್ಸ್ಟ್ ಕನ್‌ಸ್ಟ್ರಕ್ಟರ್ ಆಗಬೇಕಾದರೆ ಕ್ಲಾಸಿನ ಎಲ್ಲ ಫೀಲ್ಡ್‌ಗಳೂ ಫೈನಲ್ ಆಗಿರಬೇಕು. ಲಾಭ ಇಷ್ಟು: ಅದೇ ಕಾನ್ಸ್ಟ್ ಆಬ್ಜೆಕ್ಟ್ ಮತ್ತೆ ಸಿಕ್ಕರೆ ಫ್ಲಟರ್ ವಿಜೆಟ್ ಮರದ ಆ ಕೊಂಬೆಯನ್ನು ಮರುನಿರ್ಮಿಸುವ ಗೋಜಿಗೆ ಹೋಗುವುದಿಲ್ಲ. ಬಟನ್ ವಿಷಯದಲ್ಲಿ ಈ ಲಾಭ ಕಡಿಮೆಯೇ ಎನ್ನಿ. ಅಲ್ಲೇ ಬರೆದ ಅನಾಮಿಕ ಫಂಕ್ಷನ್ ಕಾನ್ಸ್ಟ್ ಆಗದು, ಟಾಪ್ ಲೆವೆಲ್ ಅಥವಾ ಸ್ಟ್ಯಾಟಿಕ್ ಫಂಕ್ಷನ್ ಮಾತ್ರ ಆದೀತು. ಬ್ಯಾಡ್ಜ್, ವಿಭಜಕ ಗೆರೆ, ಖಾಲಿ ಪುಟದ ಸಂದೇಶ ಇಂಥ ವಿಜೆಟ್‌ಗಳಲ್ಲಿ ಲಾಭ ಎದ್ದು ಕಾಣುತ್ತದೆ.

## ಹಂತ 3: ಬೂಲಿಯನ್‌ಗಳ ಬದಲು ಹೆಸರಿರುವ ಕನ್‌ಸ್ಟ್ರಕ್ಟರ್‌ಗಳು

ಈಸ್‌ಪ್ರೈಮರಿ, ಈಸ್‌ಡೇಂಜರ್, ಈಸ್‌ಕ್ವಯಟ್ ಎಂದು ಮೂರು ಬೂಲಿಯನ್ ಇಟ್ಟರೆ 8 ಜೋಡಣೆಗಳಾಗುತ್ತವೆ. ಅವುಗಳಲ್ಲಿ ಅರ್ಥವಿರುವುದು ಮೂರೋ ನಾಲ್ಕೋ. ಉಳಿದವನ್ನು ಯಾರೋ ಒಂದು ದಿನ ಬರೆಯುತ್ತಾರೆ, ಕಂಪೈಲರ್ ಸುಮ್ಮನೆ ಒಪ್ಪಿಕೊಳ್ಳುತ್ತದೆ.

ಡಾರ್ಟ್‌ನಲ್ಲಿ ಒಂದೇ ಕ್ಲಾಸಿಗೆ ಹಲವು ಹೆಸರಿನ ಕನ್‌ಸ್ಟ್ರಕ್ಟರ್ ಇಡಬಹುದು. ಲಿಸ್ಟ್‌ವ್ಯೂ.ಬಿಲ್ಡರ್, ಇಮೇಜ್.ನೆಟ್‌ವರ್ಕ್, ಎಡ್ಜ್‌ಇನ್‌ಸೆಟ್ಸ್.ಸಿಮೆಟ್ರಿಕ್ ಎಲ್ಲ ನೀವು ದಿನವೂ ಬಳಸುವಂಥವೇ. ನಮ್ಮ ಬಟನ್‌ಗೆ ಹತ್ತಿರದ ಮಾದರಿ ಫಿಲ್ಡ್‌ಬಟನ್.ಟೋನಲ್. ಕ್ಲಾಸ್ ಅದೇ, ಒಳಗೊಂದು ಖಾಸಗಿ ಈನಮ್ ಬೆಲೆ ಮಾತ್ರ ಬೇರೆ. ನಾವೂ ಹಾಗೇ ಮಾಡೋಣ:

```
ಕಾನ್ಸ್ಟ್ ಆ್ಯಪ್‌ಬಟನ್.ಡೇಂಜರ್({
  ಸೂಪರ್.ಕೀ,
  ರಿಕ್ವೈರ್ಡ್ ದಿಸ್.ಲೇಬಲ್,
  ರಿಕ್ವೈರ್ಡ್ ದಿಸ್.ಆನ್‌ಪ್ರೆಸ್ಡ್,
  ದಿಸ್.ಐಕಾನ್,
  ದಿಸ್.ಸ್ಟೈಲ್,
}) : _ಕೈಂಡ್ = ಆ್ಯಪ್‌ಬಟನ್‌ಕೈಂಡ್.ಡೇಂಜರ್;
```

ಕ್ವಯಟ್‌ಗೂ ಇದೇ ಅಚ್ಚು. ಹೆಸರಿಲ್ಲದ ಮೊದಲ ಕನ್‌ಸ್ಟ್ರಕ್ಟರ್‌ನ ಕೊನೆಯಲ್ಲೂ ಇದೇ ರೀತಿ _ಕೈಂಡ್‌ಗೆ ಪ್ರೈಮರಿ ಎಂದು ಬೆಲೆ ಕೊಡಿ. ಹೆಸರುಗಳು ಅರ್ಥವನ್ನು ಹೇಳಬೇಕು. ಆ್ಯಪ್‌ಬಟನ್.ರೆಡ್ ಎಂದು ಇಟ್ಟರೆ ಬಣ್ಣ ಹಿಂಬಾಗಿಲಿನಿಂದ ಮತ್ತೆ ಕನ್‌ಸ್ಟ್ರಕ್ಟರ್‌ಗೆ ನುಸುಳಿದಂತೆ.

ಹೆಸರಿರುವ ಕನ್‌ಸ್ಟ್ರಕ್ಟರ್‌ನ ಇನ್ನೊಂದು ಅನುಕೂಲವನ್ನು ಬಹಳ ಜನ ಬಳಸಿಕೊಳ್ಳುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಕಡ್ಡಾಯಗಳನ್ನು ಇಡಬಹುದು. ಐಕಾನ್ ಮಾತ್ರ ಇರುವ ಬಟನ್ ಬೇಕೆನ್ನಿ. ಅದರಲ್ಲಿ ಬರಹವಿಲ್ಲ, ಹಾಗಾಗಿ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಸಿಗುವುದಿಲ್ಲ. ಆ್ಯಪ್‌ಬಟನ್.ಐಕಾನ್‌ಓನ್ಲಿ ಎಂಬ ಕನ್‌ಸ್ಟ್ರಕ್ಟರ್‌ನಲ್ಲಿ ಲೇಬಲ್ ತೆಗೆದು, ಟೂಲ್‌ಟಿಪ್ ಅನ್ನು ಕಡ್ಡಾಯ ಮಾಡಿ. ‘ಲೇಬಲ್ ಅಥವಾ ಟೂಲ್‌ಟಿಪ್ ಒಂದಾದರೂ ಇರಲಿ’ ಎಂದು ಅಸರ್ಟ್ (ಓಡುವಾಗ ಷರತ್ತು ಪರೀಕ್ಷಿಸುವ ಸಾಲು) ಬರೆಯುವುದಕ್ಕಿಂತ ಇದು ಗಟ್ಟಿ. ಅಸರ್ಟ್ ಡೀಬಗ್ ಮೋಡ್‌ನಲ್ಲಿ ಮಾತ್ರ ಓಡುತ್ತದೆ, ಕಡ್ಡಾಯ ಪ್ಯಾರಾಮೀಟರ್ ಬಿಟ್ಟರೆ ಕೋಡ್ ಕಂಪೈಲ್ ಆಗುವುದೇ ಇಲ್ಲ. ಟೈಪ್‌ನಲ್ಲಿ ಹೇಳಲು ಬಾರದ ಷರತ್ತಿಗೆ ಮಾತ್ರ ಅಸರ್ಟ್ ಉಳಿಸಿಕೊಳ್ಳಿ.

ಉಪವರ್ಗದ ಆಬ್ಜೆಕ್ಟನ್ನೂ ಮರಳಿಸಬಲ್ಲ ಫ್ಯಾಕ್ಟರಿ ಕನ್‌ಸ್ಟ್ರಕ್ಟರ್ ಬಗ್ಗೆ ಒಂದು ಎಚ್ಚರಿಕೆ. ಅದರೊಳಗಿಂದ ಖಾಸಗಿ ಉಪವರ್ಗವನ್ನು ಮರಳಿಸಿದರೆ ಪರದೆಯ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ. ಟೆಸ್ಟ್‌ನಲ್ಲಿ ಫೈಂಡ್.ಬೈಟೈಪ್ ಮಾತ್ರ ಆ ಬಟನ್ ಸಿಗಲಿಲ್ಲ ಎನ್ನುತ್ತದೆ, ಏಕೆಂದರೆ ಅದು ನಿಖರವಾದ ಟೈಪ್ ನೋಡುತ್ತದೆಯೇ ಹೊರತು ಉಪವರ್ಗಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

## ಹಂತ 4: ಸ್ಟೈಲ್ ಪ್ಯಾರಾಮೀಟರ್‌ಗೆ ಡೀಫಾಲ್ಟ್ ಬೇಡ, ನಲ್ ಇರಲಿ

ಇಡೀ ಕೆಲಸದ ತಿರುಳು ಇಲ್ಲಿದೆ.

‘ದಿಸ್.ಬ್ಯಾಕ್‌ಗ್ರೌಂಡ್ = ಕಲರ್ಸ್.ಬ್ಲೂ’ ಎಂದು ಕನ್‌ಸ್ಟ್ರಕ್ಟರ್‌ನಲ್ಲೇ ಡೀಫಾಲ್ಟ್ ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಇಟ್ಟ ಕ್ಷಣವೇ ಒಂದು ಮಾಹಿತಿ ಕಳೆದುಹೋಗುತ್ತದೆ: ನೀಲಿ ಬೇಕೆಂದು ಬಳಸಿದವರು ಕೇಳಿದರೋ, ಅಥವಾ ಏನೂ ಹೇಳಲಿಲ್ಲವೋ? ಏನೂ ಹೇಳದಿದ್ದರೆ ಥೀಮ್‌ನ (ಇಡೀ ಆ್ಯಪ್‌ನ ರೂಪ ಹೇಳುವ ಜಾಗ) ಬಣ್ಣ ಬರಬೇಕು, ಕೇಳಿದ್ದರೆ ಅವರ ಮಾತು ನಡೆಯಬೇಕು. ಈ ಎರಡನ್ನು ಬೇರೆ ಮಾಡಿ ತೋರಿಸುವುದು ನಲ್ ಒಂದೇ. ಜೊತೆಗೆ ಕನ್‌ಸ್ಟ್ರಕ್ಟರ್ ಓಡುವಾಗ ಬಿಲ್ಡ್‌ಕಾಂಟೆಕ್ಸ್ಟ್ (ವಿಜೆಟ್ ಎಲ್ಲಿದೆ ಎಂಬ ಮಾಹಿತಿ) ಕೈಯಲ್ಲಿ ಇರುವುದಿಲ್ಲ, ಈಗ ತಿಳಿ ಥೀಮ್ ಇದೆಯೋ ಗಾಢ ಥೀಮ್ ಇದೆಯೋ ಎಂದು ಅದಕ್ಕೆ ಗೊತ್ತಾಗುವ ದಾರಿಯೂ ಇಲ್ಲ. ಗೊತ್ತಿಲ್ಲದವರು ಬಣ್ಣ ಆರಿಸುವುದು ಬೇಡ.

ಹಾಗಾಗಿ ಫೀಲ್ಡ್ ಹೀಗಿರಲಿ: ‘ಫೈನಲ್ ಬಟನ್‌ಸ್ಟೈಲ್? ಸ್ಟೈಲ್’. ನಿಮ್ಮ ವಿಜೆಟ್ ಬಟನ್‌ಗೆ ಹತ್ತಿರದ್ದಲ್ಲ, ಕಾರ್ಡೋ ಚಾರ್ಟೋ ಎಂದಾದರೆ ನಿಮ್ಮದೇ ಸ್ಟೈಲ್ ಕ್ಲಾಸ್ ಬರೆಯಿರಿ. ಎಲ್ಲ ಫೀಲ್ಡ್‌ಗಳೂ ಫೈನಲ್, ಎಲ್ಲವೂ ನಲ್ ಆಗಬಹುದಾದವು, ಜೊತೆಗೆ ಕೆಲವು ಬೆಲೆ ಬದಲಿಸಿ ನಕಲು ಕೊಡುವ ಕಾಪಿವಿತ್ ಮತ್ತು ಎರಡು ಸ್ಟೈಲ್ ಸೇರಿಸುವ ಮರ್ಜ್. ಕಾಪಿವಿತ್‌ನಲ್ಲಿ ಒಂದು ಮಿತಿ ಇದೆ. ಅದಕ್ಕೆ ನಲ್ ಕೊಟ್ಟರೆ ‘ಇದ್ದದ್ದೇ ಇರಲಿ’ ಎಂದು ಅರ್ಥ, ಆದ್ದರಿಂದ ಅದರ ಮೂಲಕ ಯಾವುದನ್ನೂ ಅಳಿಸಲು ಬರುವುದಿಲ್ಲ.

## ಹಂತ 5: ಬಿಲ್ಡ್ ಒಳಗೆ ಮೂರು ಪದರ ಜೋಡಿಸಿ

ಫ್ಲಟರ್‌ನ ಬಟನ್‌ಗಳು ಪ್ರತಿ ಗುಣಕ್ಕೂ ಮೂರು ಕಡೆ ಹುಡುಕುತ್ತವೆ: ಮೊದಲು ವಿಜೆಟ್‌ಗೆ ಕೊಟ್ಟ ಸ್ಟೈಲ್, ಅಲ್ಲಿ ಇಲ್ಲದಿದ್ದರೆ ಥೀಮ್, ಅಲ್ಲೂ ಇಲ್ಲದಿದ್ದರೆ ಬಟನ್‌ನ ಸ್ವಂತ ಡೀಫಾಲ್ಟ್. ನಮ್ಮ ಬಟನ್‌ನ ಬಿಲ್ಡ್ (ಪರದೆಯ ರೂಪ ಕಟ್ಟುವ ಫಂಕ್ಷನ್) ಕೂಡ ಇದನ್ನೇ ಅನುಸರಿಸಲಿ. ಆ್ಯಪ್‌ಬಟನ್‌ಥೀಮ್ ಅನ್ನು ಹಂತ 7ರಲ್ಲಿ ಬರೆಯುತ್ತೇವೆ:

```
ಫೈನಲ್ ಟಿ = ಥೀಮ್.ಆಫ್(ಕಾಂಟೆಕ್ಸ್ಟ್);
ಫೈನಲ್ ನಮ್ಮದು = ಟಿ.ಎಕ್ಸ್‌ಟೆನ್ಶನ್<ಆ್ಯಪ್‌ಬಟನ್‌ಥೀಮ್>();
ಫೈನಲ್ ಅಂತಿಮ = (ಸ್ಟೈಲ್ ?? ಕಾನ್ಸ್ಟ್ ಬಟನ್‌ಸ್ಟೈಲ್())
    .ಮರ್ಜ್(ನಮ್ಮದು?.ಸ್ಟೈಲ್‌ಫಾರ್(_ಕೈಂಡ್))
    .ಮರ್ಜ್(_ಡೀಫಾಲ್ಟ್‌ಸ್ಟೈಲ್(ಟಿ.ಕಲರ್‌ಸ್ಕೀಮ್));
```

ಪ್ರೈಮರಿ, ಡೇಂಜರ್ ಎರಡಕ್ಕೂ ಫಿಲ್ಡ್‌ಬಟನ್, ಕ್ವಯಟ್‌ಗೆ ಟೆಕ್ಸ್ಟ್‌ಬಟನ್ ಮರಳಿಸಿ, ಅವಕ್ಕೆ ‘ಅಂತಿಮ’ವನ್ನು ಸ್ಟೈಲ್ ಆಗಿ ಕೊಡಿ. _ಡೀಫಾಲ್ಟ್‌ಸ್ಟೈಲ್ ಡೇಂಜರ್‌ಗೆ ಮಾತ್ರ ಕಲರ್‌ಸ್ಕೀಮ್‌ನ ಎರರ್ ಮತ್ತು ಆನ್‌ಎರರ್ ಬಣ್ಣಗಳನ್ನು ಕೊಡಲಿ, ಉಳಿದ ಎರಡಕ್ಕೆ ಖಾಲಿ ಇರಲಿ. ಮೆಟೀರಿಯಲ್ (ಗೂಗಲ್‌ನ ವಿನ್ಯಾಸ ಪದ್ಧತಿ) ಬಟನ್ ತಾನಾಗಿ ಸರಿ ಮಾಡಿಕೊಳ್ಳುವುದನ್ನು ನಾವು ಮತ್ತೆ ಹೇಳುವ ಅಗತ್ಯವಿಲ್ಲ. ಹೇಳಿದರೆ ಫಿಲ್ಡ್‌ಬಟನ್‌ಥೀಮ್‌ನಲ್ಲಿ ಬರೆದದ್ದು ಆ ಗುಣಕ್ಕೆ ಎಂದೂ ತಾಗದು.

ಇನ್ನು ಮರ್ಜ್. ಇಲ್ಲಿ ಎರಡು ಹಳ್ಳಗಳಿವೆ, ಅನುಭವಿಗಳೂ ಎಡವುತ್ತಾರೆ.

ಮೊದಲನೆಯದು ದಿಕ್ಕು. ಬಟನ್‌ಸ್ಟೈಲ್‌ನ ಮರ್ಜ್‌ನಲ್ಲಿ ಚುಕ್ಕಿಯ ಎಡಕ್ಕಿರುವುದು ಗೆಲ್ಲುತ್ತದೆ. ಎಡದಲ್ಲಿ ನಲ್ ಇರುವ ಜಾಗಗಳನ್ನಷ್ಟೇ ಬಲದಿಂದ ತುಂಬಿಸಿಕೊಳ್ಳುತ್ತದೆ. ಟೆಕ್ಸ್ಟ್‌ಸ್ಟೈಲ್‌ನ ಮರ್ಜ್ ಇದಕ್ಕೆ ತದ್ವಿರುದ್ಧ: ಕಂಸದೊಳಗೆ ಕೊಟ್ಟದ್ದು ಗೆಲ್ಲುತ್ತದೆ. ಹೆಸರು ಒಂದೇ, ಲೈಬ್ರರಿ ಒಂದೇ, ದಿಕ್ಕು ಮಾತ್ರ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದರೆ ಥೀಮ್ ಗೆದ್ದು, ಬಳಸಿದವರು ಕೊಟ್ಟ ಬಣ್ಣ ಸೋಲುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಬಟನ್‌ಸ್ಟೈಲ್‌ನ ಬಹುಪಾಲು ಫೀಲ್ಡ್‌ಗಳಲ್ಲಿ ಇರುವುದು ನೇರ ಬೆಲೆಯಲ್ಲ, ‘ಬಟನ್ ಯಾವ ಸ್ಥಿತಿಯಲ್ಲಿದೆ’ ಎಂದು ಕೇಳಿ ಬೆಲೆ ಹೇಳುವ ಒಂದು ವಿಜೆಟ್‌ಸ್ಟೇಟ್‌ಪ್ರಾಪರ್ಟಿ. ಮರ್ಜ್ ಮಾಡುವಾಗ ಈ ಪ್ರಾಪರ್ಟಿ ಇಡಿಯಾಗಿ ಉಳಿಯುತ್ತದೆ ಅಥವಾ ಇಡಿಯಾಗಿ ಹೋಗುತ್ತದೆ, ಸ್ಥಿತಿ ಸ್ಥಿತಿಗೆ ಬೆರೆಯುವುದಿಲ್ಲ. ಬಳಸಿದವರು ಸಾಮಾನ್ಯ ಸ್ಥಿತಿಯ ಹಿನ್ನೆಲೆ ಬಣ್ಣ ಮಾತ್ರ ಕೊಟ್ಟರು ಎಂದಿಟ್ಟುಕೊಳ್ಳಿ. ನಿಷ್ಕ್ರಿಯ ಸ್ಥಿತಿಗೆ ಅವರ ಪ್ರಾಪರ್ಟಿ ನಲ್ ಎನ್ನುತ್ತದೆ. ಆಗ ನಮ್ಮ ಆ್ಯಪ್‌ಬಟನ್‌ಥೀಮ್‌ನಲ್ಲಿ ಬರೆದ ನಿಷ್ಕ್ರಿಯ ಬಣ್ಣ ಬರಬೇಕಲ್ಲವೇ? ಬರುವುದಿಲ್ಲ. ಅದು ಮರ್ಜ್ ಆಗುವಾಗಲೇ ಬಿದ್ದುಹೋಗಿದೆ. ಫಿಲ್ಡ್‌ಬಟನ್ ತನ್ನ ಥೀಮ್ ನೋಡಿ, ಆಮೇಲೆ ತನ್ನ ಡೀಫಾಲ್ಟ್ ಆದ ಆನ್‌ಸರ್ಫೇಸ್ ಬಣ್ಣದ 12 ಶೇಕಡಾ ಛಾಯೆಗೆ ಹೋಗುತ್ತದೆ.

ಬಹಳ ಆ್ಯಪ್‌ಗಳಿಗೆ ಇದರಿಂದ ತೊಂದರೆ ಇಲ್ಲ. ನಿಮ್ಮ ಡಿಸೈನ್‌ನಲ್ಲಿ ನಿಷ್ಕ್ರಿಯ ಬಟನ್‌ಗೆ ಪ್ರತ್ಯೇಕ ಬಣ್ಣ ಇದ್ದರೆ ಮಾತ್ರ ಎರಡು ಪ್ರಾಪರ್ಟಿಗಳನ್ನು ಹೊಲಿಯುವ ಪುಟ್ಟ ಫಂಕ್ಷನ್ ಬರೆದುಕೊಳ್ಳಿ:

```
ವಿಜೆಟ್‌ಸ್ಟೇಟ್‌ಪ್ರಾಪರ್ಟಿ.ರಿಸಾಲ್ವ್‌ವಿತ್(
  (ಸ್ಥಿತಿ) => ಮೇಲಿನದು?.ರಿಸಾಲ್ವ್(ಸ್ಥಿತಿ) ?? ಕೆಳಗಿನದು?.ರಿಸಾಲ್ವ್(ಸ್ಥಿತಿ),
);
```

## ಹಂತ 6: ಸ್ಥಿತಿಗಳನ್ನು ಮರೆಯದಿರಿ

ಬಟನ್ ಎಂದರೆ ಒಂದು ಚಿತ್ರವಲ್ಲ. ಒತ್ತಿದಾಗ, ಮೌಸ್ ಮೇಲೆ ಬಂದಾಗ, ಕೀಬೋರ್ಡ್ ಫೋಕಸ್ ಸಿಕ್ಕಾಗ, ನಿಷ್ಕ್ರಿಯವಾದಾಗ ಬೇರೆ ಬೇರೆ ಕಾಣಬೇಕು. ವಿಜೆಟ್‌ಸ್ಟೇಟ್‌ಪ್ರಾಪರ್ಟಿ ಇರುವುದೇ ಅದಕ್ಕೆ. ಹಳೆಯ ಕೋಡ್‌ನಲ್ಲಿ ಇದನ್ನು ಮೆಟೀರಿಯಲ್‌ಸ್ಟೇಟ್‌ಪ್ರಾಪರ್ಟಿ ಎಂಬ ಹೆಸರಿನಲ್ಲಿ ನೋಡಿರುತ್ತೀರಿ.

ಸುಲಭದ ದಾರಿ ಸ್ಟೈಲ್‌ಫ್ರಮ್. ಫಿಲ್ಡ್‌ಬಟನ್.ಸ್ಟೈಲ್‌ಫ್ರಮ್‌ಗೆ ಬ್ಯಾಕ್‌ಗ್ರೌಂಡ್‌ಕಲರ್ ಕೊಟ್ಟರೆ ಅದು ಸಕ್ರಿಯ ಸ್ಥಿತಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಷ್ಕ್ರಿಯಕ್ಕೆ ಡಿಸೇಬಲ್ಡ್‌ಬ್ಯಾಕ್‌ಗ್ರೌಂಡ್‌ಕಲರ್ ಎಂಬುದು ಬೇರೆಯೇ ಇದೆ, ಕೊಡದಿದ್ದರೆ ಡೀಫಾಲ್ಟ್ ಬರುತ್ತದೆ. ವಿಜೆಟ್‌ಸ್ಟೇಟ್‌ಪ್ರಾಪರ್ಟಿಆಲ್ ಹಾಗಲ್ಲ, ಕೊಟ್ಟ ಬಣ್ಣವನ್ನು ನಿಷ್ಕ್ರಿಯವೂ ಸೇರಿ ಎಲ್ಲ ಸ್ಥಿತಿಗೂ ಬಳಿಯುತ್ತದೆ. ಬಟನ್ ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂದಾಗ ಮೊದಲು ಇದನ್ನು ಹುಡುಕಿ. ಎಷ್ಟೋ ಸಲ ಬಟನ್ ನಿಷ್ಕ್ರಿಯವಾಗಿರುತ್ತದೆ, ಕಾಣುವುದು ಮಾತ್ರ ಸಕ್ರಿಯದಂತೆ.

ರಿಸಾಲ್ವ್‌ವಿತ್ ಬರೆಯುವಾಗ ಕ್ರಮ ಮುಖ್ಯ, ಏಕೆಂದರೆ ಸ್ಥಿತಿಗಳು ಒಂದರ ಮೇಲೊಂದು ಬರುತ್ತವೆ. ಒತ್ತಿರುವ ಬಟನ್ ಮೇಲೆ ಮೌಸ್ ಕೂಡ ಇರುತ್ತದೆ. ಮೊದಲು ನಿಷ್ಕ್ರಿಯ, ಆಮೇಲೆ ಒತ್ತಿದ್ದು, ಹೋವರ್, ಫೋಕಸ್ ಎಂಬ ಕ್ರಮದಲ್ಲಿ ಪರೀಕ್ಷಿಸಿ. ಕೊನೆಯಲ್ಲಿ ನಿಮಗೆ ಅಭಿಪ್ರಾಯವಿಲ್ಲದ ಸ್ಥಿತಿಗೆ ನಲ್ ಮರಳಿಸಿ.

ಟೆಕ್ಸ್ಟ್‌ಸ್ಟೈಲ್‌ನ ಒಳಗೆ ಬಣ್ಣ ಬರೆದು ‘ಬರುತ್ತಿಲ್ಲ’ ಎಂದು ಪರದಾಡುವವರು ಬಹಳ. ಬಟನ್ ಆ ಬಣ್ಣವನ್ನು ಬಳಸುವುದೇ ಇಲ್ಲ, ಫೋರ್‌ಗ್ರೌಂಡ್‌ಕಲರ್ ಅನ್ನು ಬಳಸುತ್ತದೆ. ಅಕ್ಷರದ ಗಾತ್ರ, ದಪ್ಪ ಮಾತ್ರ ಟೆಕ್ಸ್ಟ್‌ಸ್ಟೈಲ್‌ನಲ್ಲಿ ಹೇಳಿ.

‘ಲೋಡ್ ಆಗುತ್ತಿದೆ’ ಸ್ಥಿತಿಗೆ ಈಸ್‌ಲೋಡಿಂಗ್ ಎಂಬ ಬೂಲಿಯನ್ ಒಪ್ಪಬಹುದು. ಅದು ನಿಜವಾಗಿದ್ದಾಗ ಒಳಗಿನ ಬಟನ್‌ಗೆ ಆನ್‌ಪ್ರೆಸ್ಡ್ ನಲ್ ಆಗಿ ಹೋಗಲಿ. ಬಣ್ಣ ಮಂಕಾಗಬಾರದೆಂದು ಖಾಲಿ ಫಂಕ್ಷನ್ ಕೊಡುವ ಕೈಚಳಕ ಕೆಲವು ಕಡೆ ಕಾಣುತ್ತದೆ. ನನಗದು ಒಪ್ಪಿಗೆಯಿಲ್ಲ. ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಬಟನ್ ಸಕ್ರಿಯ ಎಂದೇ ಹೇಳಿದಂತಾಗುತ್ತದೆ. ನಿಷ್ಕ್ರಿಯ ಬಣ್ಣವನ್ನೇ ಬೇಕಾದಂತೆ ಬದಲಿಸಿಕೊಂಡರೆ ಆಯಿತು.

## ಹಂತ 7: ಥೀಮ್ ಎಕ್ಸ್‌ಟೆನ್ಶನ್ ಬರೆಯಿರಿ

ಫ್ಲಟರ್ 3.0, ಅಂದರೆ 2022ರಿಂದ, ಥೀಮ್‌ಡೇಟಾಗೆ ನಮ್ಮದೇ ಭಾಗಗಳನ್ನು ಸೇರಿಸಲು ಥೀಮ್‌ಎಕ್ಸ್‌ಟೆನ್ಶನ್ ಇದೆ. ಆ್ಯಪ್‌ಬಟನ್‌ಥೀಮ್ ಎಂಬ ಕ್ಲಾಸ್ ಅದರಿಂದ ಎಕ್ಸ್‌ಟೆಂಡ್ ಆಗಲಿ. ಒಳಗೆ ಪ್ರೈಮರಿ, ಕ್ವಯಟ್, ಡೇಂಜರ್ ಎಂದು ಮೂರು ಬಟನ್‌ಸ್ಟೈಲ್ ಫೀಲ್ಡ್‌ಗಳು, ಮೂರೂ ನಲ್ ಆಗಬಹುದು. _ಕೈಂಡ್ ಕೊಟ್ಟರೆ ಅದಕ್ಕೆ ತಕ್ಕದ್ದನ್ನು ಮರಳಿಸುವ ಸ್ಟೈಲ್‌ಫಾರ್ ಎಂಬ ಫಂಕ್ಷನ್ ನಮ್ಮದೇ. ಕಾಪಿವಿತ್ ಮತ್ತು ಲರ್ಪ್ ಎರಡನ್ನೂ ಫ್ಲಟರ್ ಕೇಳುತ್ತದೆ, ಬರೆಯಲೇಬೇಕು.

ಲರ್ಪ್ ಯಾಕೆ? ತಿಳಿ ಥೀಮ್‌ನಿಂದ ಗಾಢ ಥೀಮ್‌ಗೆ ಹೋಗುವಾಗ ಮೆಟೀರಿಯಲ್‌ಆ್ಯಪ್ 200 ಮಿಲಿಸೆಕೆಂಡ್‌ಗಳಲ್ಲಿ ಬಣ್ಣಗಳನ್ನು ನಿಧಾನಕ್ಕೆ ಬದಲಿಸುತ್ತದೆ. ನಡುವಿನ ಪ್ರತಿ ಕ್ಷಣದ ಬೆಲೆಯನ್ನು ಲರ್ಪ್ ಹೇಳುತ್ತದೆ. ಸೋಮಾರಿತನಕ್ಕೆ ‘ರಿಟರ್ನ್ ದಿಸ್’ ಎಂದು ಬರೆದರೆ ಉಳಿದ ಪರದೆ ಮೆಲ್ಲಗೆ ಕಪ್ಪಾಗುವಾಗ ನಿಮ್ಮ ಬಟನ್ ಮಾತ್ರ ಹಳೆಯ ಬಣ್ಣದಲ್ಲೇ ನಿಂತು, ಕೊನೆಗೆ ದಿಢೀರನೆ ಜಿಗಿಯುತ್ತದೆ. ಬಟನ್‌ಸ್ಟೈಲ್.ಲರ್ಪ್ ಎಂಬ ಸಿದ್ಧ ಸ್ಟ್ಯಾಟಿಕ್ ಫಂಕ್ಷನ್ ಇರುವುದರಿಂದ ಇದು ಫೀಲ್ಡ್‌ಗೆ ಒಂದು ಸಾಲಿನ ಕೆಲಸ.

ಬರೆದಾದ ಮೇಲೆ ತಿಳಿ ಥೀಮ್, ಗಾಢ ಥೀಮ್ ಎರಡರ ಎಕ್ಸ್‌ಟೆನ್ಶನ್ಸ್ ಪಟ್ಟಿಗೂ ಸೇರಿಸಿ. ಓದುವಾಗ ಕೊನೆಗೆ ಆಶ್ಚರ್ಯಸೂಚಕ ಹಾಕಿ ‘ಇದ್ದೇ ಇರುತ್ತದೆ’ ಎಂದು ಕಂಪೈಲರ್‌ಗೆ ಭರವಸೆ ಕೊಡಬೇಡಿ. ಟೆಸ್ಟ್‌ನಲ್ಲಿ, ಇನ್ನೊಂದು ಆ್ಯಪ್‌ನಲ್ಲಿ ಆ ಎಕ್ಸ್‌ಟೆನ್ಶನ್ ಇರದೇ ಹೋಗಬಹುದು. ಹಂತ 5ರಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿರುವುದು ಅದಕ್ಕೇ. ಥೀಮ್ ಇಲ್ಲದೆಯೂ ಬಟನ್ ಬಟನ್‌ನಂತೆ ಕಾಣಬೇಕು.

ಒಂದು ಪುಟಕ್ಕೆ ಮಾತ್ರ ಬೇರೆ ರೂಪ ಬೇಕಾದಾಗ ಆ ಭಾಗವನ್ನು ಥೀಮ್ ವಿಜೆಟ್‌ನಿಂದ ಸುತ್ತಿ, ಥೀಮ್‌ಡೇಟಾದ ಕಾಪಿವಿತ್‌ಗೆ ಹೊಸ ಎಕ್ಸ್‌ಟೆನ್ಶನ್ ಕೊಡುತ್ತೇವೆ. ಅಲ್ಲಿ ಹಳೆಯ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಪೂರ್ತಿ ಹೋಗಿ, ನೀವು ಕೊಟ್ಟದ್ದಷ್ಟೇ ಉಳಿಯುತ್ತದೆ ಎಂಬುದು ನೆನಪಿರಲಿ. ‘ಟಿ.ಎಕ್ಸ್‌ಟೆನ್ಶನ್ಸ್.ವ್ಯಾಲ್ಯೂಸ್’ ಅನ್ನು ಹರಡಿ, ಅದರ ಕೊನೆಗೆ ಹೊಸದನ್ನು ಸೇರಿಸಿ. ಒಂದೇ ಟೈಪಿನ ಎರಡು ಇದ್ದರೆ ಕೊನೆಯದು ನಿಲ್ಲುತ್ತದೆ.

## ಹಂತ 8: ಸ್ಟೇಟ್‌ಫುಲ್ ಆಗಬೇಕಾದರೆ

ಬಟನ್ ಸ್ಟೇಟ್‌ಲೆಸ್ ಆಗಿಯೇ ಉಳಿಯಬಹುದು. ಮಡಚುವ ಫಲಕ, ಎಣಿಕೆಯ ಡಬ್ಬಿಯಂಥವು ಸ್ಟೇಟ್‌ಫುಲ್ (ತನ್ನ ಸ್ಥಿತಿ ನೆನಪಿಡುವ ವಿಜೆಟ್) ಆಗಲೇಬೇಕು. ಅಲ್ಲಿ ಕನ್‌ಸ್ಟ್ರಕ್ಟರ್‌ಗೆ ಬಂದ ಬೆಲೆಯನ್ನು ಇನಿಟ್‌ಸ್ಟೇಟ್‌ನಲ್ಲಿ ಸ್ಟೇಟ್‌ನ ಫೀಲ್ಡ್‌ಗೆ ನಕಲಿಸಿಕೊಳ್ಳುವ ಅಭ್ಯಾಸ ಬಿಡಿ. ಪೋಷಕ ವಿಜೆಟ್ ಹೊಸ ಬೆಲೆ ಕೊಟ್ಟು ಮರುನಿರ್ಮಿಸಿದಾಗ ಸ್ಟೇಟ್ ಹಳೆಯದೇ ಮುಂದುವರಿಯುತ್ತದೆ, ಇನಿಟ್‌ಸ್ಟೇಟ್ ಮತ್ತೆ ಓಡುವುದಿಲ್ಲ, ನಕಲು ಹಳಸುತ್ತದೆ. ನೇರವಾಗಿ ‘ವಿಜೆಟ್.ಲೇಬಲ್’ ಎಂದು ಓದಿ. ನಕಲು ಬೇಕೇ ಬೇಕಾದರೆ ಡಿಡ್‌ಅಪ್‌ಡೇಟ್‌ವಿಜೆಟ್‌ನಲ್ಲಿ ಅದನ್ನು ಹೊಸದು ಮಾಡಿ. ಥೀಮ್.ಆಫ್ ಕೂಡ ಇನಿಟ್‌ಸ್ಟೇಟ್‌ನಲ್ಲಿ ಬೇಡ, ಫ್ಲಟರ್ ಎರರ್ ಎಸೆಯುತ್ತದೆ. ಬಿಲ್ಡ್ ಅಥವಾ ಡಿಡ್‌ಚೇಂಜ್‌ಡಿಪೆಂಡೆನ್ಸೀಸ್ ಅದರ ಜಾಗ.

## ಹಂತ 9: ಅಳತೆಗೆ ಕನಿಷ್ಠ ಹೇಳಿ, ನಿಗದಿ ಬೇಡ

ಎತ್ತರವನ್ನು ನಿಗದಿ ಮಾಡಿದ ಬಟನ್ ಡಿಸೈನ್ ಫೈಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಬಳಕೆದಾರರು ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಕೂಡಲೇ ಬರಹ ಕತ್ತರಿಸುತ್ತದೆ. ಹಾಸಿಗೆ ನೋಡಿ ಕಾಲು ಚಾಚುವ ಗಾದೆ ಅಕ್ಷರಗಳಿಗೆ ಗೊತ್ತಿಲ್ಲ. ಒತ್ತಕ್ಷರಗಳಿರುವ ಲಿಪಿಯಲ್ಲಂತೂ ಸಾಲಿನ ಕೆಳಗೂ ಜಾಗ ಬೇಕು. ಫಿಕ್ಸೆಡ್‌ಸೈಜ್ ಬಿಟ್ಟು ಮಿನಿಮಮ್‌ಸೈಜ್ ಮತ್ತು ಪ್ಯಾಡಿಂಗ್ ಬಳಸಿ.

ಮೆಟೀರಿಯಲ್ 3ರಲ್ಲಿ ಫಿಲ್ಡ್‌ಬಟನ್‌ನ ಕನಿಷ್ಠ ಅಳತೆ 64 ಅಗಲ, 40 ಎತ್ತರ (ಲಾಜಿಕಲ್ ಪಿಕ್ಸೆಲ್‌ಗಳಲ್ಲಿ). ಟ್ಯಾಪ್‌ಟಾರ್ಗೆಟ್‌ಸೈಜ್ ‘ಪ್ಯಾಡೆಡ್’ ಆಗಿದ್ದರೆ ಕಾಣುವ ಭಾಗ ಚಿಕ್ಕದಿದ್ದರೂ ಬೆರಳಿಗೆ ಸಿಗುವ ಜಾಗ 48ಕ್ಕೆ 48 ಇರುತ್ತದೆ. ಚಿಕ್ಕ ಬಟನ್ ಮಾಡುವಾಗ ಕಾಣುವ ಅಳತೆ ಇಳಿಸಿ, ಈ 48ನ್ನು ಮುಟ್ಟಬೇಡಿ.

ಪ್ಯಾಡಿಂಗ್‌ಗೆ ಎಡ, ಬಲ ಎನ್ನುವ ಬದಲು ಎಡ್ಜ್‌ಇನ್‌ಸೆಟ್ಸ್‌ಡೈರೆಕ್ಷನಲ್‌ನ ಸ್ಟಾರ್ಟ್, ಎಂಡ್ ಬಳಸಿದರೆ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಲ್ಲೂ ಐಕಾನ್ ಪಕ್ಕದ ಜಾಗ ಸರಿಯಾಗಿ ಬೀಳುತ್ತದೆ.

## ಹಂತ 10: ಎಲ್ಲ ರೂಪಗಳೂ ಒಂದೇ ಪುಟದಲ್ಲಿ

ಬಿಡುಗಡೆಯ ಆ್ಯಪ್‌ನಲ್ಲಿ ಕಾಣದ ಒಂದು ಪುಟ ಮಾಡಿ, ಅಲ್ಲಿ ಮೂರು ಬಗೆ, ಎಲ್ಲ ಅಳತೆ, ಸಕ್ರಿಯ, ನಿಷ್ಕ್ರಿಯ, ಲೋಡಿಂಗ್ ಎಲ್ಲವನ್ನೂ ಸಾಲಾಗಿ ಇಡಿ. ತಿಳಿ ಮತ್ತು ಗಾಢ ಥೀಮ್‌ನಲ್ಲಿ, 2 ಪಟ್ಟು ದೊಡ್ಡ ಅಕ್ಷರದಲ್ಲಿ, ಬಲದಿಂದ ಎಡದ ದಿಕ್ಕಿನಲ್ಲಿ ನೋಡಿ. ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇದೆಯೇ ಎಂದು ಪರೀಕ್ಷಿಸಿ. ಇದೇ ಪುಟವನ್ನು ಮ್ಯಾಚಸ್‌ಗೋಲ್ಡನ್‌ಫೈಲ್ ಬಳಸಿ ಗೋಲ್ಡನ್ ಟೆಸ್ಟ್ (ಉಳಿಸಿಟ್ಟ ಚಿತ್ರಕ್ಕೆ ಪರದೆಯನ್ನು ಹೋಲಿಸುವ ಪರೀಕ್ಷೆ) ಮಾಡಿಬಿಟ್ಟರೆ, ಮುಂದೆ ಯಾರಾದರೂ ಮರ್ಜ್‌ನ ದಿಕ್ಕು ತಿರುಗಿಸಿದಾಗ ಚಿತ್ರ ಹೊಂದದೆ ಟೆಸ್ಟ್ ಬೀಳುತ್ತದೆ. ಎಕ್ಸ್‌ಟೆನ್ಶನ್ ಇಲ್ಲದ ಖಾಲಿ ಮೆಟೀರಿಯಲ್‌ಆ್ಯಪ್‌ನಲ್ಲಿ ಬಟನ್ ಇಟ್ಟು ನೋಡುವ ಒಂದು ಟೆಸ್ಟ್ ಕೂಡ ಇರಲಿ.

## ಹಂತ 11: ಹತ್ತಾರು ಕಡೆ ಬಳಕೆಯಾದ ಮೇಲೆ ಬದಲಿಸುವುದು

ಐಚ್ಛಿಕವಾದ ಹೆಸರಿನ ಪ್ಯಾರಾಮೀಟರ್ ಸೇರಿಸಿದರೆ ಹಳೆಯ ಕೋಡ್ ಮುರಿಯುವುದಿಲ್ಲ. ಹೆಸರು ಬದಲಿಸಿದರೆ, ತೆಗೆದರೆ ಮುರಿಯುತ್ತದೆ. ಈಗಾಗಲೇ ಕಲರ್ ಎಂಬ ಪ್ಯಾರಾಮೀಟರ್ ಇರುವ ಹಳೆಯ ವಿಜೆಟ್ ಅನ್ನು ಈ ದಾರಿಗೆ ತರುವಾಗ ಒಂದೇ ದಿನಕ್ಕೆ ಕಿತ್ತು ಹಾಕಬೇಡಿ. ಅದಕ್ಕೆ ಡೆಪ್ರಿಕೇಟೆಡ್ ಗುರುತು ಹಾಕಿ, ಸಂದೇಶದಲ್ಲಿ ಬದಲಿಗೆ ಏನು ಬರೆಯಬೇಕೆಂದು ಹೇಳಿ, ಒಳಗೆ ಆ ಬಣ್ಣವನ್ನು ಸ್ಟೈಲ್‌ಫ್ರಮ್ ಮೂಲಕ ಹೊಸ ಸರಪಳಿಗೆ ಸೇರಿಸಿ. ಸ್ಟೈಲ್ ಮತ್ತು ಕಲರ್ ಎರಡೂ ಬಂದರೆ ಸ್ಟೈಲ್ ಗೆಲ್ಲಲಿ.

ಪ್ಯಾಕೇಜ್ ಆಗಿ ಹಂಚುತ್ತಿದ್ದರೆ ಲಿಬ್ ಫೋಲ್ಡರ್‌ನಲ್ಲಿ ಫಿಕ್ಸ್_ಡೇಟಾ ಎಂಬ ಯಾಮಲ್ ಫೈಲ್ ಇಟ್ಟು, ಪ್ಯಾರಾಮೀಟರ್‌ನ ಹೆಸರು ಬದಲಾದದ್ದನ್ನು ಅದರಲ್ಲಿ ಬರೆಯಬಹುದು. ಆಗ ಬಳಸುವವರು ‘ಡಾರ್ಟ್ ಫಿಕ್ಸ್’ ಆಜ್ಞೆಗೆ ಅಪ್ಲೈ ಎಂಬ ಆಯ್ಕೆ ಸೇರಿಸಿ ಓಡಿಸಿದರೆ ಅವರ ಕೋಡ್‌ನಲ್ಲಿ ಹೆಸರುಗಳು ತಾವಾಗಿ ಬದಲಾಗುತ್ತವೆ. ಬಣ್ಣದಿಂದ ಸ್ಟೈಲ್‌ಗೆ ಹೋಗುವಂಥ ಬದಲಾವಣೆಗೆ ಮಾತ್ರ ಕೈಯಿಂದಲೇ ತಿದ್ದುವುದು ಒಳ್ಳೆಯದು. ಪ್ರತಿ ಕಡೆ ನಿಂತು ನೋಡಿದಾಗ, ಎಷ್ಟೋ ಕಲರ್ ಸಾಲುಗಳು ಥೀಮ್ ಬಂದ ಮೇಲೆ ಬೇಕಾಗಿಯೇ ಇಲ್ಲ, ಅಳಿಸಿದರೆ ಸಾಕು ಎಂದು ಗೊತ್ತಾಗುತ್ತದೆ.